ನಾರುವುದಕ್ಕೆ ಕಾಲಂ ಇಲ್ಲ

ನಲವತ್ತೊಂದನೇ ನಂಬರಿನ ಕಂಟೇನರು ಬಂದರಿನ ನಮ್ಮ ಯಾರ್ಡಿಗೆ ಬಂದು ಹತ್ತೊಂಬತ್ತು ದಿನವಾಗಿತ್ತು. ಅದರ ಬಾಗಿಲ ಸಂದಿಯಿಂದ ಕಂದು ಬಣ್ಣದ ನೀರು ಇಳಿದು, ಸಿಮೆಂಟಿನ ನೆಲದ ಮೇಲೆ ಹರಿದು, ನಾವು ಬುತ್ತಿ ಬಿಚ್ಚಿ ಕೂರುವ ಗೋಡೆಯವರೆಗೂ ಬರುತ್ತಿತ್ತು. ಮೊದಲ ವಾರ ಜಾಗ ಬದಲಿಸಿ ಕೂತೆವು. ಎರಡನೆಯ ವಾರ ಕಾಲು ಮೇಲೆತ್ತಿಕೊಂಡು ಕೂತೆವು. ಮೂರನೆಯ ವಾರಕ್ಕೆ ಒಂದು ಕೈಯಲ್ಲಿ ನೊಣ ಓಡಿಸುತ್ತಾ ಇನ್ನೊಂದು ಕೈಯಲ್ಲಿ ಉಣ್ಣುವುದು ಅಭ್ಯಾಸವಾಯಿತು. ನೀರಿಗಿಂತ ನೊಣಕ್ಕಿಂತ ನನಗೆ ಆ ಅಭ್ಯಾಸದ ಮೇಲೇ ಹೆಚ್ಚು ಅಸಹ್ಯ.

ಒಳಗಿದ್ದದ್ದು ಮೀನು. ಸಮುದ್ರದಾಚೆಯ ಯಾವುದೋ ದೇಶದಲ್ಲಿ ಹಿಡಿದು, ಕಲ್ಲಿನ ಹಾಗೆ ಹೆಪ್ಪುಗಟ್ಟಿಸಿ, ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ ಕಳಿಸಿದ ಮೀನು. ಹೊರಗಿನಿಂದ ಬಂದ ತಿನ್ನುವ ಪದಾರ್ಥವನ್ನು ಸರ್ಕಾರದ ಸಾಹೇಬರು ಬಂದು ನೋಡಿ, ತಿನ್ನಬಹುದು ಎಂದು ಬರೆದುಕೊಟ್ಟ ಮೇಲೆಯೇ ಯಾರ್ಡಿನಿಂದ ಬಿಡಬೇಕು. ಒಳ್ಳೆಯ ಕಾನೂನೇ. ಆದರೆ ಸಾಹೇಬರು ಬರಬೇಕಾದರೆ ದಿನಾಂಕ ಬುಕ್ ಮಾಡಬೇಕು. ಬುಕಿಂಗ್ ಕಚೇರಿ ನಮ್ಮ ಗೇಟಿನ ಎದುರಿಗೇ ಇದೆ, ಕೂಗಿದರೆ ಕೇಳುವಷ್ಟು ದೂರ. ಬೆಳಗ್ಗೆ ಹತ್ತಕ್ಕೆ ಕೌಂಟರ್ ತೆಗೆಯುತ್ತದೆ. ಹತ್ತೂ ಐದಕ್ಕೆ 'ದಿನಾಂಕ ಖಾಲಿ' ಎಂಬ ಬೋರ್ಡು ನೇತಾಡುತ್ತದೆ. ಆ ಐದು ನಿಮಿಷದಲ್ಲಿ ದಿನಾಂಕಗಳು ಯಾರ ಜೇಬು ಸೇರುತ್ತವೆ ಎಂಬುದು ಗೇಟಿನ ನಾಯಿಗೂ ಗೊತ್ತು. ಯಾರೂ ಬೊಗಳುವುದಿಲ್ಲ, ಅಷ್ಟೇ.

ನಮ್ಮ ಯಾರ್ಡಿನ ಯಜಮಾನನಿಗಂತೂ ಅವಸರವೇ ಇರಲಿಲ್ಲ. ಕಂಟೇನರು ಒಂದು ದಿನ ಹೆಚ್ಚು ನಿಂತರೆ ಒಂದು ದಿನದ ಬಾಡಿಗೆ ಹೆಚ್ಚು, ತಂಪಿಗೆ ಕರೆಂಟಿನ ಚಾರ್ಜು ಬೇರೆ. ಕರೆಂಟು ಕೊಟ್ಟರೂ ಚಾರ್ಜು, ಕೊಡದಿದ್ದರೂ ಚಾರ್ಜು. ಆದ್ದರಿಂದ ಕೊಡುತ್ತಿರಲಿಲ್ಲ. ಬೆಳಗ್ಗೆ ಸೂಪರ್‌ವೈಸರ್ ಬಂದು ಪ್ಲಗ್ ಕೀಳುತ್ತಿದ್ದ, ಸಂಜೆ ಹೋಗುವಾಗ ಹಾಕುತ್ತಿದ್ದ. ಹಗಲೆಲ್ಲ ಮೀನು ಕರಗುತ್ತಿತ್ತು, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತಿತ್ತು. ಹತ್ತೊಂಬತ್ತು ಸಲ ಸತ್ತು ಹತ್ತೊಂಬತ್ತು ಸಲ ಸೆಟೆದುಕೊಂಡ ಮೀನು ಅದು.

ನಾವು ಹದಿನಾಲ್ಕು ಜನ ಹೆಂಗಸರು ಅಲ್ಲಿ ಪೆಟ್ಟಿಗೆ ಆರಿಸುವವರು. ಕಂಟೇನರಿನ ಬಾಗಿಲು ತೆಗೆದ ದಿನ ಮಾತ್ರ ನಮಗೆ ಕೂಲಿ. ತೆಗೆಯದ ದಿನ ಕಾಯುವುದು ನಮ್ಮ ಕೆಲಸ, ಅದಕ್ಕೆ ಕೂಲಿಯಿಲ್ಲ. ಮನೆಯಲ್ಲಿರೋಣವೆಂದರೆ, ದಿನಾಂಕ ಯಾವಾಗ ಸಿಗುತ್ತದೋ, ಸಿಕ್ಕಾಗ ಬಾಗಿಲಲ್ಲಿ ಇಲ್ಲದವಳ ಜಾಗ ಇನ್ನೊಬ್ಬಳಿಗೆ. ಹಾಗಾಗಿ ಏಳು ಗಂಟೆಗೆ ಬಂದು ಗೋಡೆಗೆ ಒರಗಿ ಕೂರುತ್ತಿದ್ದೆವು. ಅಲ್ಲಿ ಬುಕಿಂಗ್ ತಡವಾದಷ್ಟೂ ಇಲ್ಲಿ ನಮ್ಮ ಒಲೆ ತಣ್ಣಗೆ.

ನಮ್ಮ ಕೆಲಸ ಏನೆಂದು ಹೇಳಿಬಿಡುತ್ತೇನೆ, ಮುಚ್ಚಿಡುವಂಥದೇನೂ ಇಲ್ಲ. ಸಾಹೇಬರು ಬರುವ ಬೆಳಗ್ಗೆ ನಾವು ಕಂಟೇನರಿನ ಬಾಗಿಲ ಸಾಲಿನ ಹತ್ತು ಪೆಟ್ಟಿಗೆಗಳನ್ನು ಇಳಿಸಿ, ಕೋಲ್ಡ್ ಸ್ಟೋರೇಜಿನಲ್ಲಿಟ್ಟ ಬೇರೆ ಹತ್ತು ಪೆಟ್ಟಿಗೆಗಳನ್ನು ಆ ಜಾಗದಲ್ಲಿ ಜೋಡಿಸುತ್ತಿದ್ದೆವು. ಬಾಗಿಲಿನ ಸೀಲು ಒಡೆಯಬಾರದೆಂದು ಕಾನೂನು. ಹೊಸ ಸೀಲುಗಳು ಸೂಪರ್‌ವೈಸರನ ಡ್ರಾಯರಿನಲ್ಲಿ ಚೀಲದ ತುಂಬ ಇದ್ದವು. ಆ ಹತ್ತು ಪೆಟ್ಟಿಗೆಗಳಲ್ಲಿ ಬೆಳ್ಳಗೆ ಹೊಳೆಯುವ, ಕಣ್ಣು ಕಪ್ಪಗಿರುವ, ಒಂದು ಕಲೆಯಿಲ್ಲದ ಮೀನು. ನಾವು ಅವನ್ನು ಮದುವಣಗಿತ್ತಿಯರು ಎಂದು ಕರೆಯುತ್ತಿದ್ದೆವು. ಯಾವ ಕಂಟೇನರು ಬಂದರೂ ಅದೇ ಹತ್ತು. ಒಂದೂವರೆ ವರ್ಷದಿಂದ ಪ್ರತಿ ಪರೀಕ್ಷೆಯಲ್ಲೂ ಅವೇ ಮುಖ ತೋರಿಸಿ ಪಾಸಾಗಿ ಮತ್ತೆ ತಂಪಿನ ಕೋಣೆ ಸೇರುತ್ತಿದ್ದವು. ಒಂದರ ಮುಚ್ಚಳದ ಮೇಲೆ ಟೀ ಲೋಟದ ದುಂಡು ಕಲೆ ಇತ್ತು. ಅದನ್ನು ಮಾಡಿದವರು ಸಾಹೇಬರೇ, ಹಿಂದೊಮ್ಮೆ ಲೋಟ ಇಟ್ಟು ಸಹಿ ಮಾಡುವಾಗ. ಆಮೇಲೆ ಅವರು ಬಂದಾಗಲೆಲ್ಲ ನೇರವಾಗಿ ಆ ಪೆಟ್ಟಿಗೆಗೇ ಪೆನ್ನಿನಿಂದ ತಟ್ಟಿ, "ಇದನ್ನ ತೆಗೀರಿ" ಎನ್ನುತ್ತಿದ್ದರು.

ಪಾಸಾದ ಮೇಲೆ ಒಳಗಿನದನ್ನು ಆರಿಸುವುದು. ತೀರಾ ಕೆಟ್ಟದ್ದು ಒಂದು ಕಡೆ, ಬ್ಲೀಚಿಂಗ್ ನೀರಿನಲ್ಲಿ ತೊಳೆದರೆ ದಾಟುವಂಥದು ಇನ್ನೊಂದು ಕಡೆ. ಅಲ್ಲಿ ನನ್ನ ಅತ್ತಿಗೆಯ ರಾಜ್ಯ. ನನ್ನ ಅಣ್ಣನ ಹೆಂಡತಿ ಅವಳು; ಅಮ್ಮ, ಅಣ್ಣ, ಅವರ ಪುಟ್ಟ ಮಗು, ನಾನು ಎಲ್ಲ ಒಂದೇ ಮನೆ. ಯಾರ್ಡಿನಲ್ಲಿ ಎಲ್ಲರೂ ಅವಳನ್ನು ಮೂಗಿನಕ್ಕ ಎನ್ನುತ್ತಿದ್ದರು. ಮುಚ್ಚಿದ ಪೆಟ್ಟಿಗೆಯ ಸಂದಿಗೆ ಮೂಗಿಟ್ಟು ಒಂದು ಉಸಿರು ಎಳೆದು "ಹೂಂ" ಎಂದರೆ ಒಳ್ಳೆಯದು, "ಊಹೂಂ" ಎಂದರೆ ಕೆಟ್ಟದ್ದು. ಬಿಚ್ಚಿ ನೋಡುವ ಅಗತ್ಯವೇ ಇರಲಿಲ್ಲ. ಹನ್ನೊಂದು ವರ್ಷ ಆ ಮೂಗು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಅತ್ತಿಗೆಯ ಮೂಗಿಗೆ ವಿಮೆ ಮಾಡಿಸಬೇಕು ಎಂದು ಸೂಪರ್‌ವೈಸರ್ ತಮಾಷೆ ಮಾಡುತ್ತಿದ್ದ. ಮಾಡಿಸಲಿಲ್ಲ.

ಹನ್ನೆರಡನೆಯ ದಿನ ಅವನು ದೊಡ್ಡ ಮನಸ್ಸು ಮಾಡಿ ನಾಲ್ಕು ಪೆಟ್ಟಿಗೆ ತಂದು ನಮ್ಮ ಮುಂದಿಟ್ಟ. ಕಾದು ಕಾದು ಸೊರಗಿದ್ದೀರಿ, ಹಂಚಿಕೊಂಡು ಮನೆಗೆ ಒಯ್ಯಿರಿ, ಯಜಮಾನರ ಕಡೆಯಿಂದ ಎಂದ. ಹಿಂದಿನ ಕಂಟೇನರಿನ ಪಾಸಾದ ಮಾಲೇ ಅಂತೆ. ಅತ್ತಿಗೆ ಒಂದೊಂದಕ್ಕೂ ಮೂಗಿಟ್ಟು "ಹೂಂ" ಎಂದಳು. ಉಳಿದವರ ಮನೆ ದೂರ, ದಾರಿಯಲ್ಲೇ ಕರಗುತ್ತದೆಂದು ಬಿಟ್ಟರು; ನಮ್ಮ ಓಣಿಯ ನಾಲ್ಕು ಮನೆಗೆ ಅದು ಹಂಚಿಹೋಯಿತು. ಮಂಜು ಕರಗಿದ ಮೇಲೆ ನನಗೆ ಏನೋ ಒಂದು ಥರ ವಾಸನೆ ಬಂದಿತ್ತು. ಸುಳ್ಳು ಹೇಳುವುದಿಲ್ಲ, ಬಂದಿತ್ತು. ಆದರೆ ಅತ್ತಿಗೆ ಹೂಂ ಎಂದ ಮೇಲೆ ನನ್ನ ಮೂಗು ಯಾವ ಲೆಕ್ಕ ಎಂದುಕೊಂಡು ಖಾರ ಹೆಚ್ಚು ಹಾಕಿದೆ. ನಾಲ್ಕೂ ಮನೆಯಲ್ಲಿ ಹೆಂಗಸರು ಹೀಗೇ ಅಂದುಕೊಂಡರಂತೆ.

ನಾವೆಲ್ಲ ಎರಡು ದಿನ ವಾಂತಿ ಮಾಡಿಕೊಂಡು ಎದ್ದೆವು. ನಮ್ಮಮ್ಮ ಏಳಲಿಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಮಂಚ ಸಿಗದೆ ಮೆಟ್ಟಿಲ ಕೆಳಗೆ ಚಾಪೆ ಹಾಸಿ ಮಲಗಿಸಿದರು. ಬಾಟಲಿಯನ್ನು ಕಿಟಕಿಯ ಸರಳಿಗೆ ಕಟ್ಟಿದರು. ಮೂತ್ರ ನಿಂತುಹೋಗಿತ್ತು. ಏನು ತಿಂದಿದ್ದರು ಎಂದು ಡಾಕ್ಟರು ಕೇಳಿದಾಗ ಅತ್ತಿಗೆ ಮೀನು ಎಂದಳು. ಕೆಟ್ಟಿತ್ತಾ ಎಂದರೆ ನನ್ನ ಮುಖ ನೋಡಿದಳು. ಎಲ್ಲಿಯದು, ಯಾರಾದರೂ ಪರೀಕ್ಷೆ ಮಾಡಿದ ಕಾಗದ ಇದೆಯಾ ಎಂದು ಕೇಳಿದರು. ಇಲ್ಲ. 'ಮನೆಯ ಅಡುಗೆಯಿಂದ ವಿಷ' ಎಂದು ಚೀಟಿಯಲ್ಲಿ ಬರೆದರು.

ಆ ಚೀಟಿಯೊಂದು ಸಾಕಾಯಿತು. ಸೂಪರ್‌ವೈಸರನ ಹತ್ತಿರ ಹೋಗಿ ಮೀನು ನೀವೇ ಕೊಟ್ಟದ್ದಲ್ಲವೇ ಎಂದು ಕೇಳಿದರೆ, ಮನೆಯ ಅಡುಗೆ ಎಂದು ಡಾಕ್ಟರೇ ಬರೆದಿದ್ದಾರಲ್ಲ, ಬಿಸಿಲಲ್ಲಿಟ್ಟಿರುತ್ತೀರಿ, ಹೆಚ್ಚು ಮಾತಾಡಿದರೆ ಪೆಟ್ಟಿಗೆ ಕದ್ದೊಯ್ದಿರಿ ಎಂದು ಬರೆಯಬೇಕಾಗುತ್ತದೆ ಎಂದ. ಅಣ್ಣನಿಗೂ ಆ ಚೀಟಿಯೇ ಆಧಾರ. ಅವನು ಕೆಟ್ಟವನಲ್ಲ, ಅಮ್ಮನ ಮುಖ ನೋಡಿ ನೋಡಿ ಕೆಟ್ಟವನಾಗಿದ್ದ. ಹೆಂಡತಿಯನ್ನು ಅಮ್ಮನ ಚಾಪೆಯ ಹತ್ತಿರ ಬರಗೊಡಲಿಲ್ಲ.

"ಲೋಕದ ಮೀನೆಲ್ಲಾ ಮೂಸೋಳಿಗೆ ನಮ್ಮಮ್ಮನ ತಟ್ಟೆ ಮೂಸೋಕಾಗ್ಲಿಲ್ವಾ?" ಎಂದ, ಎಲ್ಲರ ಮುಂದೆ.

ಅತ್ತಿಗೆ ಹೊರಗಿನ ನಲ್ಲಿಯ ಹತ್ತಿರ ಹೋಗಿ ನಿಂತಳು. ನಾನೂ ಹೋದೆ. ಪಕ್ಕದಲ್ಲಿ ಆಸ್ಪತ್ರೆಯ ಕಸದ ತೊಟ್ಟಿ ತುಂಬಿ ಚೆಲ್ಲಿತ್ತು, ನಾನು ಮೂಗಿಗೆ ಸೆರಗು ಮುಚ್ಚಿಕೊಂಡೆ. ಅವಳು ತೊಟ್ಟಿಗೆ ಒರಗಿ ನಿಂತಿದ್ದಳು, ಗೋಡೆಗೆ ಒರಗಿದ ಹಾಗೆ. ಆಗ ನನಗೆ ಅನುಮಾನ ಬಂತು.

"ಅತ್ತಿಗೆ, ನಿಂಗೆ ವಾಸನೆ ಬರ್ತಿಲ್ವಾ?"

ಅವಳು ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡಳು. ಆಮೇಲೆ ಹೇಳಿದಳು. ಒಂದು ವರ್ಷವಾಗಿತ್ತು. ಬ್ಲೀಚಿಂಗ್ ತೊಟ್ಟಿಯ ಮೇಲೆ ಬಗ್ಗಿ ಬಗ್ಗಿ ಮೊದಲು ಮೂಗಿನಲ್ಲಿ ರಕ್ತ ಬರುತ್ತಿತ್ತು, ಆಮೇಲೆ ರಕ್ತ ನಿಂತಿತು, ವಾಸನೆಯೂ ನಿಂತಿತು. ಮೀನಿನದಿಲ್ಲ, ಸೋಪಿನದಿಲ್ಲ, ಮಗುವಿನ ನೆತ್ತಿಯದೂ ಇಲ್ಲ. ಹೇಳಿದರೆ ಆರಿಸುವ ಕೆಲಸ ಹೋಗಿ ಮನೆಗೆ ಕಳಿಸುತ್ತಾರೆ ಎಂದು ಬಾಯಿ ಮುಚ್ಚಿಕೊಂಡಿದ್ದಳು. ವರ್ಷವಿಡೀ ಪೆಟ್ಟಿಗೆಯ ತಳದ ಮಂಜಿನ ಬಣ್ಣ ನೋಡಿ, ಅಲುಗಿಸಿ, ತೂಕ ನೋಡಿ, ಹೂಂ ಊಹೂಂ ಎಂದು ದಾಟಿಸಿದ್ದಳು. ಹನ್ನೆರಡನೆಯ ದಿನದ ಆ ನಾಲ್ಕು ಪೆಟ್ಟಿಗೆಗಳು ನಲವತ್ತೊಂದನೇ ನಂಬರಿನವೇ, ಅವುಗಳ ತಳವನ್ನು ಸೂಪರ್‌ವೈಸರ್ ಒರೆಸಿ ಹೊಸ ಮಂಜು ಹಾಕಿದ್ದ ಎಂದು ಅವಳಿಗೆ ಹೊಳೆದದ್ದು ಆಮೇಲೆ.

"ನಾನೇ ಕೊಂದೆ ಅನ್ಸುತ್ತೆ ಕಣೇ," ಎಂದಳು.

"ಅಮ್ಮ ಇನ್ನೂ ಇದಾಳೆ ಅತ್ತಿಗೆ."

"ಇದ್ರೂ ಆ ಚೀಟಿ ಇರುತ್ತೆ. ನಮ್ಮನೆ ಅಡಿಗೆ ವಿಷ ಅಂತ. ಮೀನು ಕೊಳೆತಿತ್ತು ಅಂತ ಒಂದು ಸಾಲು, ಸರ್ಕಾರದ ಸಹಿ ಇರೋದು, ಬೇಕು ನಂಗೆ. ನಿಮ್ಮಣ್ಣನ ಮುಂದೆ ಇಡೋಕೆ. ಆ ಮಾಲು ಇನ್ಯಾರ ಮನೆಗೂ ಹೋಗದೇ ಇರೋಕೆ."

ಹತ್ತೊಂಬತ್ತನೆಯ ದಿನ ದಿನಾಂಕ ಸಿಕ್ಕಿತು. ನಾಡಿದ್ದು ಸಾಹೇಬರು ಬರುತ್ತಾರೆ, ಮದುವಣಗಿತ್ತಿಯರನ್ನು ಸಿದ್ಧ ಮಾಡಿ ಎಂದು ಸೂಪರ್‌ವೈಸರ್ ಕೈ ಉಜ್ಜಿಕೊಂಡ. ಅತ್ತಿಗೆ ಸರಿ ಎಂದು ತಲೆಯಾಡಿಸಿದಳು. ಅವನು ಆಚೆ ಹೋದ ಮೇಲೆ ನಮ್ಮ ಕಡೆ ತಿರುಗಿ, ಈ ಸಲ ಮದುವಣಗಿತ್ತಿಯರು ತಂಪಿನ ಕೋಣೆಯಲ್ಲೇ ಇರಲಿ, ಒಳಗಿನ ಪೆಟ್ಟಿಗೆಗಳೇ ಬಾಗಿಲಿಗೆ ಬರಲಿ ಎಂದಳು. ಕೂಲಿ ಹೋಗುತ್ತದೆ, ಜಾಗ ಹೋಗುತ್ತದೆ ಎಂದು ಇಬ್ಬರು ಗೊಣಗಿದರು. ನಾಲ್ಕು ಮನೆಯಲ್ಲಿ ಒಂದು ಮನೆಯ ಅಜ್ಜಿ, ನಮ್ಮ ಜೊತೆಯಲ್ಲೇ ಪೆಟ್ಟಿಗೆ ಹೊರುವವಳು, ಎಲೆಯಡಿಕೆ ಉಗಿದು ಹೇಳಿದಳು: "ನಮ್ಮ ಹೊಟ್ಟೆಗೆ ಹಾಕಿದ್ನ ಅವರ ಮೂಗಿಗಾದ್ರೂ ತೋರ್ಸೋಣ." ಅಲ್ಲಿಗೆ ಚರ್ಚೆ ಮುಗಿಯಿತು.

ಇಪ್ಪತ್ತೊಂದನೆಯ ದಿನ ಬೆಳಗ್ಗೆ ಬಾಗಿಲು ತೆಗೆದೆವು. ಒಳಗಿನ ಗಾಳಿ ಮುಖಕ್ಕೆ ಬಡಿದು ಮೂವರು ಓಡಿಹೋಗಿ ಕಕ್ಕಿದರು. ಅತ್ತಿಗೆಯೊಬ್ಬಳೇ ಒಳಗೆ ಹೋಗಿ ನಡುವಿನ ಸಾಲಿನಿಂದ ಪೆಟ್ಟಿಗೆ ತಂದು ತಂದು ಕೊಟ್ಟಳು. ಅವಳ ಮಹಾ ಮೂಗಿಗೆ ಇದೆಲ್ಲ ಯಾವ ಲೆಕ್ಕ ಎಂದು ಉಳಿದವರು ಬೆರಗಾದರು. ನಾನು ಪಕ್ಕದಲ್ಲಿ ನಿಂತು, ಯಾರಿಗೂ ಕೇಳದ ಹಾಗೆ, ಅವಳ ಬದಲು ಮೂಸಿ ಹೂಂ, ಊಹೂಂ ಎನ್ನುತ್ತಿದ್ದೆ. ಊಹೂಂ ಎಂದವೇ ಬಾಗಿಲಿಗೆ ಬಂದವು. ಹೊರಗಿನಿಂದ ನೋಡಿದರೆ ರಟ್ಟಿನ ಪೆಟ್ಟಿಗೆಗಳೆಲ್ಲ ಒಂದೇ. ಬಾಗಿಲು ಮುಚ್ಚಿ, ನೆಲ ತೊಳೆದು, ಫಿನಾಯಿಲ್ ಹಾಕಿದೆವು. ಸೂಪರ್‌ವೈಸರ್ ಬಂದು ಹೊಸ ಸೀಲು ಒತ್ತಿ, ಸಾಹೇಬರ ಟೀಗೆ ಹೇಳಲು ಓಡಿದ.

ಸಾಹೇಬರು ಹನ್ನೆರಡಕ್ಕೆ ಬಂದರು. ಬಿಳಿ ಕೋಟು, ಬಿಳಿ ಕೈಗವಸು, ಸೆಂಟಿನ ಘಮ. ಬಾಗಿಲು ತೆಗೆಸಿ, ಪೆನ್ನು ಹಿಡಿದು, ಅಭ್ಯಾಸದ ಮೇಲೆ ಟೀ ಕಲೆಯ ಪೆಟ್ಟಿಗೆಯನ್ನು ಹುಡುಕಿದರು. ಇರಲಿಲ್ಲ. ಪೆನ್ನು ಅಲ್ಲೇ ಗಾಳಿಯಲ್ಲಿ ನಿಂತಿತು. ಅಷ್ಟರಲ್ಲಿ ಅತ್ತಿಗೆ ಮುಂದಿನ ಪೆಟ್ಟಿಗೆಯ ಮುಚ್ಚಳ ಎತ್ತಿದಳು. ಒಳಗೆ ಮೀನುಗಳು ಒಂದಕ್ಕೊಂದು ಅಂಟಿ ಹಳದಿ ಮುದ್ದೆಯಾಗಿದ್ದವು, ಹೊಟ್ಟೆ ಒಡೆದು ಲೋಳೆ ಸುರಿಯುತ್ತಿತ್ತು, ಕಣ್ಣಿನ ಜಾಗದಲ್ಲಿ ಬಿಳಿ ನೀರು. ಸಾಹೇಬರು ಮೂಗು ಹಿಡಿದುಕೊಂಡು ಹಿಂದೆ ಹಿಂದೆ ಸರಿದು ಟೀ ತಂದವನಿಗೆ ಡಿಕ್ಕಿ ಹೊಡೆದರು. ಸೂಪರ್‌ವೈಸರನ ಮುಖ ಸುಣ್ಣದ ಹಾಗಾಯಿತು. ಇವತ್ತು ಬರೆಯಲೇಬೇಕಲ್ಲ, ಬರೆಯದೆ ಎಲ್ಲಿಗೆ ಹೋಗುತ್ತಾರೆ ಎಂದು ನಾನು ಮನಸ್ಸಿನಲ್ಲೇ ಕುಣಿದೆ.

ಬರೆದರು. ದೂರದ ಮೇಜಿನ ಮೇಲೆ ಫಾರಂ ಇಟ್ಟು, ಕರವಸ್ತ್ರ ಒತ್ತಿಕೊಂಡು ಬರೆದರು. ನಮ್ಮಲ್ಲಿ ಓದಲು ಬರುವವಳು ನಾನೇ. ಬಗ್ಗಿ ಓದಿದೆ: 'ಸರಕು ಪರೀಕ್ಷೆಗೆ ಸಿದ್ಧವಿರಲಿಲ್ಲ. ಪರೀಕ್ಷೆ ನಡೆದಿಲ್ಲ. ಹೊಸ ದಿನಾಂಕ ಬುಕ್ ಮಾಡತಕ್ಕದ್ದು.'

ನಾನು ಜೋರಾಗಿ ಓದಿದ್ದು ಅತ್ತಿಗೆಗೆ ಕೇಳಿಸಿತು. ಕೈಯೆಲ್ಲ ಲೋಳೆ ಮಾಡಿಕೊಂಡು ಮೇಜಿನ ಹತ್ತಿರ ಬಂದಳು.

"ಕೊಳೆತು ನಾರ್ತಿದೆ ಅಂತ ಬರೀರಿ ಸಾರ್. ನೀವೇ ಮೂಗು ಮುಚ್ಕೊಂಡಿದೀರಲ್ಲ."

"ನಾರೋದಕ್ಕೆ ಇದರಲ್ಲಿ ಕಾಲಂ ಇಲ್ಲಮ್ಮ," ಎಂದರು ಸಾಹೇಬರು. ಕೋಪದಿಂದಲ್ಲ, ಅಂಗಡಿಯಲ್ಲಿ ಉಪ್ಪು ಮುಗಿದಿದೆ ಎನ್ನುವ ಹಾಗೆ. "ಪಾಸು, ಫೇಲು, ನಡೆದಿಲ್ಲ. ಮೂರೇ ಇರೋದು."

"ಹಂಗಾದ್ರೆ ಫೇಲು ಅಂತ ಬರೀರಿ."

"ಪರೀಕ್ಷೆ ನಡೆದ್ರೆ ತಾನೇ ಫೇಲು?"

ಅವರು ಕೈಗವಸು ಕಿತ್ತು ನಮ್ಮ ಬುತ್ತಿಯ ಗೋಡೆಯ ಹತ್ತಿರ ಎಸೆದು ಹೋದರು. ಸೂಪರ್‌ವೈಸರನ ಬಣ್ಣ ಮರಳಿ ಬಂತು. ಇನ್ನೂ ಮೂರು ವಾರ ನಿಂತರೆ ಯಜಮಾನರಿಗೇನೂ ನಷ್ಟವಿಲ್ಲ, ಮುಂದಿನ ಸಲ ಮದುವಣಗಿತ್ತಿಯರನ್ನು ಕೂರಿಸಲು ಬೇರೆ ಹೆಂಗಸರು ಸಿಗುತ್ತಾರೆ ಎಂದು ನಮಗೆಲ್ಲ ಗೇಟು ತೋರಿಸಿದ. ಆಮೇಲೆ ಬಾಗಿಲು ಹಾಕಿ, ಪ್ಲಗ್ ಕಿತ್ತು, ಊಟಕ್ಕೆ ಹೋದ. ಉಣ್ಣಲು ಹೇಗೆ ಸೇರಿತೋ ಆ ಮನುಷ್ಯನಿಗೆ.

ಆದರೆ ಅವನು ಬಾಗಿಲು ಹಾಕುವ ಮೊದಲೇ ಅಜ್ಜಿ ಒಂದು ಪೆಟ್ಟಿಗೆಯನ್ನು ನೆಲ ತೊಳೆಯುವ ಬಕೆಟ್ಟುಗಳ ಹಿಂದೆ ಸರಿಸಿದ್ದಳು. ಹೇಗಿದ್ದರೂ ಕಳ್ಳಿಯರು ಎಂದು ಬರೆಯುತ್ತಾನಂತೆ, ಬರೆದದ್ದು ನಿಜವಾದರೂ ಆಗಲಿ ಎಂದಳು.

ಮರುದಿನ ಬೆಳಗ್ಗೆ ಆಸ್ಪತ್ರೆಗೆ ಹೋದಾಗ ಅಮ್ಮ ಕಣ್ಣು ಬಿಟ್ಟಿದ್ದಳು. ಮಾತು ಗಂಟಲಿನಿಂದ ಆಚೆ ಬರುತ್ತಿರಲಿಲ್ಲ. ಸೊಸೆ ಎಲ್ಲಿ ಎನ್ನುವ ಹಾಗೆ ಬೆರಳು ಆಡಿಸಿದಳು. ಅಣ್ಣ ಆ ಕಡೆ ಮುಖ ತಿರುಗಿಸಿದ. ಸೊಸೆ ಎದುರಿನ ರಸ್ತೆಯಲ್ಲಿ, ತಲೆಯ ಮೇಲೆ ಪೆಟ್ಟಿಗೆ ಹೊತ್ತು, ನನಗಾಗಿ ಕಾಯುತ್ತಿದ್ದಳು. ನಾಯಿಗಳು ಅವಳ ಸುತ್ತ ದೂರ ನಿಂತು ನೋಡುತ್ತಿದ್ದವು.

ಹತ್ತಕ್ಕೆ ಬುಕಿಂಗ್ ಕಚೇರಿ ತೆರೆಯಿತು; ಅಜ್ಜಿಯೂ ಸೇರಿ ಉಳಿದ ಹನ್ನೆರಡು ಜನ ಬಾಗಿಲಲ್ಲಿ ನಮಗಾಗಿ ಕಾಯುತ್ತಿದ್ದರು. ಒಳಗೆ ಬೆಂಚು, ಫ್ಯಾನು, ಗಾಜಿನ ಹಿಂದೆ ಗುಮಾಸ್ತ. ಗಾಜಿನ ಕೆಳಗೆ ಕಾಗದ ತೂರಿಸುವಷ್ಟು ಸಂದಿ. ದಲ್ಲಾಳಿಗಳು ಆಗಲೇ ಮುತ್ತಿಕೊಂಡಿದ್ದರು. ಅತ್ತಿಗೆ ಟೋಕನ್ ತೆಗೆದುಕೊಂಡು ಸಾಲಿನಲ್ಲಿ ನಿಂತಳು. ಸಾಲು ತಾನಾಗಿ ಕರಗಿತು. ಅವಳ ಹಿಂದಿನವನು ಮೊದಲು ಹೋದ, ಆಮೇಲೆ ಮುಂದಿನವರು ಒಬ್ಬೊಬ್ಬರಾಗಿ ತಿರುಗಿ ನೋಡಿ ಹೊರಗೆ ಹೋದರು. ಎರಡು ನಿಮಿಷದಲ್ಲಿ ಅವಳೇ ಕೌಂಟರಿನ ಮುಂದೆ. ಆ ಕೌಂಟರಿಗೆ ಇಷ್ಟು ಬೇಗ ಮುಟ್ಟಿದವರು ಯಾರೂ ಇರಲಿಲ್ಲವೇನೋ.

ಪೆಟ್ಟಿಗೆಯನ್ನು ಕಟ್ಟೆಯ ಮೇಲಿಟ್ಟು ಮುಚ್ಚಳ ತೆಗೆದಳು. ಗುಮಾಸ್ತ ಎದ್ದು ನಿಂತ.

"ಏನಮ್ಮಾ ಇದು? ತೆಗಿ, ತೆಗಿ ಮೊದಲು."

"ನಲವತ್ತೊಂದನೇ ನಂಬರಿಂದು. ಪರೀಕ್ಷೆಗೆ ತಂದಿದೀನಿ. ನಿನ್ನೆ ನಡೀಲಿಲ್ವಂತೆ, ಇವತ್ತು ನಡೀಲಿ."

ದಿನಾಂಕ ಖಾಲಿ ಎಂದ. ಮುಂದಿನ ತಿಂಗಳು ಎಂದ. ಇಲ್ಲಿ ಪರೀಕ್ಷೆ ಮಾಡುವುದಿಲ್ಲ, ಬುಕಿಂಗ್ ಮಾತ್ರ ಎಂದ. ಅಷ್ಟು ಹೇಳುವುದರೊಳಗೆ ಫ್ಯಾನಿನ ಗಾಳಿ ಸಂದಿಯಿಂದ ಒಳಗೆ ನುಗ್ಗಿ ಅವನು ಬಾಯಿಗೆ ಫೈಲು ಒತ್ತಿಕೊಂಡ. ಹಿಂದಿನ ಬಾಗಿಲಿನಿಂದ ನಿನ್ನೆಯ ಸಾಹೇಬರು ಏನು ಗಲಾಟೆ ಎಂದು ಬಂದವರು ಬಾಗಿಲಲ್ಲೇ ನಿಂತರು. ಪೊಲೀಸರನ್ನು ಕರೆಸುತ್ತೇನೆ ಎಂದರು. ಕರೆಸಿ, ಅವರಿಗೂ ಮೂಗಿದೆ ಎಂದಳು ಅಜ್ಜಿ. ಆಗ ಸಾಹೇಬರು ಸ್ವರ ಇಳಿಸಿ, ಮೊದಲು ಇದನ್ನು ಹೊರಗಿಡಿ, ಕೂತು ಮಾತಾಡೋಣ, ಈ ವಾಸನೆಯಲ್ಲಿ ಮನುಷ್ಯರು ಇರುವುದು ಹೇಗೆ ಎಂದರು.

ಅತ್ತಿಗೆ ಬೆಂಚನ್ನು ಎಳೆದು ಪೆಟ್ಟಿಗೆಯ ಪಕ್ಕಕ್ಕೇ ಹಾಕಿಕೊಂಡು ಕೂತಳು. ಹದಿಮೂರು ಜನ ನಾವು ಅವಳ ಹಿಂದೆ ಇದ್ದೆವು. ಅವಳು ನಮ್ಮನ್ನು ಒಮ್ಮೆ ನೋಡಿದಳು. ಏನು ಹೇಳಲಿದ್ದಾಳೆಂದು ನನಗೆ ಗೊತ್ತಾಯಿತು. ಬೇಡ ಎನ್ನಬೇಕೆನಿಸಿತು, ಎನ್ನಲಿಲ್ಲ.

"ನಂಗೆ ವಾಸನೆ ಬರಲ್ಲ ಸಾರ್," ಎಂದಳು. "ಈ ಮೂಗು ಹೋಗಿ ಒಂದು ವರ್ಷ ಆಯ್ತು. ನೀವು ಪಾಸು ಮಾಡಿದ ಮಾಲು ತೊಳೆದೇ ಹೋಯ್ತು. ಯಾರಿಗೂ ಹೇಳಿರಲಿಲ್ಲ. ಇವರಿಗೂ ಹೇಳಿರಲಿಲ್ಲ. ನಾನು ಹೂಂ ಅಂದೆ ಅಂತ ಇವರಲ್ಲಿ ನಾಲ್ಕು ಮನೆಯವರು ತಿಂದ್ರು. ನಮ್ಮತ್ತೆ ತಿಂದು ಮಲಗವ್ಳೆ."

ಹಿಂದೆ ಒಬ್ಬಳು ಬಿಕ್ಕಿದಳು. ಇನ್ನೊಬ್ಬಳು ಹೊರಗೆ ಹೋಗುತ್ತಾಳೇನೋ ಎಂದುಕೊಂಡೆ, ಅವಳ ಗಂಡನೂ ಎರಡು ದಿನ ನರಳಿದ್ದ. ಹೋಗಲಿಲ್ಲ. ಅಜ್ಜಿ ನಿಧಾನವಾಗಿ ಬಂದು, ಸೆರಗನ್ನು ಮೂಗಿಗೆ ಸುತ್ತಿ ಕಟ್ಟಿ, ಅತ್ತಿಗೆಯ ಪಕ್ಕ ಬೆಂಚಿನ ಮೇಲೆ ಕೂತಳು. ಆಮೇಲೆ ಎಲ್ಲರೂ ಸೆರಗು ಕಟ್ಟಿಕೊಂಡು ನೆಲದ ಮೇಲೆ ಕೂತೆವು, ಬಾಗಿಲಿಗೆ ಅಡ್ಡಲಾಗಿ.

ಅತ್ತಿಗೆ ಕಟ್ಟೆಗೆ ದಾರದಿಂದ ಕಟ್ಟಿದ್ದ ಪೆನ್ನನ್ನು ತೆಗೆದು ಗಾಜಿನ ಸಂದಿಯೊಳಗೆ ತಳ್ಳಿದಳು.

"ಕೊಳೆತಿದೆ ಅಂತ ಒಂದು ಸಾಲು. ಕಾಲಂ ಇಲ್ಲ ಅಂದ್ರೆ ಪಕ್ಕದಲ್ಲಿ ಬರೀರಿ. ನಿಧಾನಕ್ಕೇ ಬರೀರಿ ಸಾರ್. ನಾವು ಇಪ್ಪತ್ತೆರಡು ದಿನ ಕಾದವರು."

ಗೋಡೆಯ ಗಡಿಯಾರದಲ್ಲಿ ಇನ್ನೂ ಹತ್ತೂ ಇಪ್ಪತ್ತು. ಕಿಟಕಿಯಿಂದ ಬಂದ ಬಿಸಿಲು ನೆಲದ ಮೇಲೆ ಒಂದು ಮಾರು ದೂರದಲ್ಲಿತ್ತು, ಪೆಟ್ಟಿಗೆಯನ್ನು ಇನ್ನೂ ಮುಟ್ಟಿರಲಿಲ್ಲ.